ವಿಮಾನದ ಬಾಲ ಹಿಡಿದವನು

ಒಂದು ಊರು. ಆ ಊರಿನ ಶ್ರೀಮಂತನೊಬ್ಬ ತನ್ನ ಕೈಯಾರೆ ಒಂದು ವಿಮಾನ ಬೀಳಿಸಿದ. ಬೀಳಿಸಿದ್ದು ಅದನ್ನು ಕಟ್ಟಿದ ಡ್ರಾಯಿಂಗ್ ಮೇಷ್ಟ್ರು ಎಂದು ಹೇಳಿದ. ಮೇಷ್ಟ್ರನ್ನು ಮೈದಾನದಿಂದ ಹೊರಗೆ ಹಾಕಿದರು.

ನಡೆದದ್ದು ಇಷ್ಟು. ಹೇಗೆ ನಡೆಯಿತು ಎಂಬುದನ್ನು ಹೇಳುತ್ತೇನೆ, ಕೇಳಿ. ಮಂಟಪದ ಬಾಗಿಲ ಹತ್ತಿರ ನಿಂತವರೂ ಒಳಗೆ ಬನ್ನಿ. ಈ ಕಥೆ ಬಾಗಿಲಲ್ಲಿ ನಿಂತು ನೋಡುವವರದ್ದೇ.

ವಿಮಾನ ಎಂದ ಕೂಡಲೇ ಜನ ಕೂತು ಹೋಗುವ ವಿಮಾನ ಎಂದುಕೊಳ್ಳಬೇಡಿ. ರಿಮೋಟಿನಿಂದ ಹಾರಿಸುವ ಮಾದರಿ ಅದು. ಹಾಗಂತ ಆಟಿಕೆ ಎಂದು ನಗಲೂ ಬೇಡಿ. ರೆಕ್ಕೆಯ ತುದಿಯಿಂದ ತುದಿಗೆ ಒಬ್ಬ ಆಳು ಉದ್ದಕ್ಕೆ ಮಲಗಬಹುದು. ಮೂಗಿನಲ್ಲಿ ಪೆಟ್ರೋಲ್ ಎಂಜಿನ್. ಅದರ ಫ್ಯಾನಿಗೆ ಬೆರಳು ಕೊಟ್ಟರೆ ಬೆರಳು ವಾಪಸ್ ಬರುವುದಿಲ್ಲ. ಮಹಾಯುದ್ಧದ ಕಾಲದಲ್ಲಿ ಬಾಂಬು, ಗುಂಡು ಹೊತ್ತು ಹಾರಿದ ಯುದ್ಧವಿಮಾನಗಳಿದ್ದವಲ್ಲ, ಅವುಗಳದ್ದೇ ಪಡಿಯಚ್ಚು. ಹೊಗೆಕೊಳವೆಯ ಪಕ್ಕದ ಮಸಿ, ರೆಕ್ಕೆಯ ಮೇಲೆ ಸವೆದ ಬಣ್ಣ, ಒಂದೊಂದು ಆಣಿಯ ತಲೆ, ಎಲ್ಲವನ್ನೂ ಮೇಷ್ಟ್ರು ಕೂದಲೆಳೆಯ ಕುಂಚದಲ್ಲಿ ಬರೆದಿದ್ದರು. ಹಗುರವಾದ ಬಾಲ್ಸಾ ಮರದ ಹಲಗೆ ಕೊಯ್ದು, ಅಂಟು ಹಾಕಿ, ಮರಳುಕಾಗದ ಉಜ್ಜಿ, ಒಂದು ಮಳೆಗಾಲ ಪೂರ್ತಿ ಕಟ್ಟಿದ್ದರು. ಕಟ್ಟಿಸಿದವನು ಶ್ರೀಮಂತ. ಒಳಗೆ ಪೈಲಟ್ ಗೊಂಬೆಯೊಂದಿರುತ್ತದೆ, ಅದಕ್ಕೂ ಅವನದೊಂದು ಅಪ್ಪಣೆ ಇತ್ತು.

"ಗೊಂಬೆಗೆ ನನ್ನ ಮೀಸೆ ಬರ್ಲಿ ಮೇಷ್ಟ್ರೇ."

"ಮೀಸೆ ಬರೀಬೋದು ಸಾಹುಕಾರ್ರೇ. ಆದ್ರೆ ತಲೆ ಒಳಗೇನಿಡ್ಲಿ? ಸೀಸ ಇಟ್ರೆ ತೂಕ ಹೆಚ್ಚಾಗುತ್ತೆ."

ಮೇಷ್ಟ್ರ ನಾಲಿಗೆ ಅಂಥದ್ದು. ಬಡಪಾಯಿ, ಬಾಯಿಲ್ಲದವನು ಎಂದು ನೀವು ಕನಿಕರ ಪಡಬೇಕಾದ ಮನುಷ್ಯ ಅಲ್ಲ. ವಿಮಾನ ಮುಗಿದ ದಿನ ಎರಡೂ ರೆಕ್ಕೆಯ ಕೆಳಗೆ ಒಂದೊಂದು ಬೆರಳು ಕೊಟ್ಟು ಅದನ್ನು ಎತ್ತಿ ತೋರಿಸಿದರು. ತೂಕ ಸರಿಯಿದ್ದರೆ ಮೂಗು ಚೂರೇ ಚೂರು ಕೆಳಗೆ ಬಾಗುತ್ತದೆ. ಶ್ರೀಮಂತನಿಗೆ ಅದು ಸರಿ ಬರಲಿಲ್ಲ. "ಮೂಗು ಕೆಳಗೆ ಹಾಕ್ಕೊಂಡೈತಲ್ಲ, ಗತ್ತೇ ಇಲ್ಲ" ಎಂದ. ಮೇಷ್ಟ್ರು, "ಮೂಗು ಎತ್ಕೊಂಡಿರೋದು ಹಾರಲ್ಲ ಸಾಹುಕಾರ್ರೇ, ಊರಲ್ಲಿ ಓಡಾಡುತ್ತೆ ಅಷ್ಟೇ" ಎಂದರು. ಸುತ್ತ ನಿಂತಿದ್ದವರು ನಕ್ಕರು. ನಕ್ಕದ್ದನ್ನು ಶ್ರೀಮಂತ ಮರೆಯಲಿಲ್ಲ. ನೋಡಿ, ಉಳ್ಳವರು ಕೊಟ್ಟ ಸಾಲವನ್ನಾದರೂ ಮರೆತಾರು, ಕೇಳಿದ ನಗುವನ್ನು ಮರೆಯುವುದಿಲ್ಲ.

ಇನ್ನು ಮೈದಾನ. ಊರಾಚೆ ದನ ಮೇಯುವ ಗೋಮಾಳ. ಅದರ ನಡುವೆ ಶ್ರೀಮಂತ ವಿಮಾನ ಓಡಲು ಒಂದು ಪಟ್ಟೆ ನೆಲ ಮಟ್ಟ ಮಾಡಿಸಿ, ರೋಲರ್ ಹೊಡೆಸಿ, ಸುತ್ತ ಬೇಲಿ ಹಾಕಿಸಿದ್ದ. ಜಾಗ ಊರಿನದು, ಬೇಲಿ ಅವನದು. ಬೇಲಿ ಯಾರದೋ ಗೇಟೂ ಅವರದೇ ತಾನೆ? ಭಾನುವಾರ ಬೆಳಿಗ್ಗೆ ವಿಮಾನದ ಹುಚ್ಚಿರುವವರು ಅಲ್ಲಿ ಸೇರುತ್ತಿದ್ದರು. ಡಾಕ್ಟರು, ವಕೀಲರು, ಪೆಟ್ರೋಲ್ ಬಂಕಿನ ಮಾಲೀಕರು. ಓದಿದವರು, ತಿಳಿದವರು, ನನ್ನ ನಿಮ್ಮಂಥವರು.

ಅಲ್ಲಿ ಮೇಷ್ಟ್ರು ಒಂದು ಪದ್ಧತಿ ಮಾಡಿದ್ದರು. ಇದನ್ನು ಗಮನವಿಟ್ಟು ಕೇಳಿ, ಕಥೆಯ ಜೀವ ಇಲ್ಲಿದೆ. ಎಂಜಿನ್ ಶುರುವಾದರೆ ವಿಮಾನ ಮುಂದಕ್ಕೆ ಎಳೆಯುತ್ತದೆ. ಅದಕ್ಕೆ ಒಬ್ಬರು ಹಿಂದೆ ಮಂಡಿಯೂರಿ ಕೂತು ಬಾಲ ಹಿಡಿದಿರಬೇಕು. ಹಾರಿಸುವವನು ರಿಮೋಟ್ ಹಿಡಿದು ವಿಮಾನದ ಹಿಂದೆ ನಿಲ್ಲಬೇಕು. ರೆಕ್ಕೆಯ ಹಿಂದಿನ ಅಂಚಿನಲ್ಲಿ ಎರಡೂ ಕಡೆ ಒಂದೊಂದು ಪಟ್ಟಿ ಇರುತ್ತದೆ, ಕೀಲಿನ ಮೇಲಿನ ಬಾಗಿಲಿನ ಹಾಗೆ ಆಡುತ್ತದೆ. ರಿಮೋಟಿನ ಕಡ್ಡಿಯನ್ನು ಬಲಕ್ಕೆ ತಳ್ಳಿದರೆ ಬಲರೆಕ್ಕೆಯ ಪಟ್ಟಿ ಮೇಲೇಳಬೇಕು. ಆಗ ವಿಮಾನ ಬಲಕ್ಕೆ ವಾಲುತ್ತದೆ. ಹಾರಿಸುವವನು "ಬಲ" ಎಂದು ಕಡ್ಡಿ ತಳ್ಳಬೇಕು. ಬಾಲ ಹಿಡಿದವನು ನೋಡಿ, ಸರಿಯಿದ್ದರೆ "ಬಲ" ಎಂದು ಕೂಗಬೇಕು, ತಪ್ಪಿದ್ದರೆ "ಉಲ್ಟಾ" ಎಂದು ಕೂಗಬೇಕು. ಅವನು ಕೂಗುವ ತನಕ ಹಾರಿಸುವವನು ಡಾಕ್ಟರೇ ಆಗಲಿ, ದೊರೆಯೇ ಆಗಲಿ, ವಿಮಾನ ನೆಲ ಬಿಡುವಂತಿಲ್ಲ. ಕೊನೆ ಮಾತು ಬಾಲ ಹಿಡಿದವನದು.

"ನನ್ನ ವಿಮಾನಕ್ಕೆ ಇವನ ಅಪ್ಪಣೆ ಬೇಕಾ?" ಎಂದು ಶ್ರೀಮಂತ ಗೊಣಗುತ್ತಿದ್ದ. ಇವನು ಎಂದರೆ ಅವನ ಭಾವಮೈದ, ಹೆಂಡತಿಯ ತಮ್ಮ. ಅಕ್ಕನ ಮನೆಯಲ್ಲೇ ಊಟ, ಭಾವನ ಅಕ್ಕಿ ಗಿರಣಿಯಲ್ಲೇ ಕೆಲಸ. ಯಾವಾಗಲೂ ಬಾಲ ಹಿಡಿಯುತ್ತಿದ್ದವನು ಅವನೇ.

ಮೊದಲ ಹಾರಾಟದ ದಿನ ಬಂತು. ಪತ್ರಿಕೆಯ ಫೋಟೋದವನೂ ಬಂದ. ಗೋಮಾಳದ ಎಮ್ಮೆಗಳೂ ಬಂದವು. ಎಮ್ಮೆಗೆ ಬೇಲಿ ಗೊತ್ತೆ? ಪಟ್ಟೆಯ ಆ ತುದಿಯಲ್ಲಿ ಅಡ್ಡ ಮಲಗಿದವು. ಅವುಗಳನ್ನು ಎಬ್ಬಿಸಲು ಮೇಷ್ಟ್ರು ಅತ್ತ ಹೋದರು. ಇತ್ತ ಫೋಟೋದವನು, "ಸಾಹುಕಾರ್ರೇ, ವಿಮಾನದ ಮುಂದೆ ಬನ್ನಿ, ಮುಖ ಬರ್ಬೇಕು" ಎಂದ. ಶ್ರೀಮಂತ ರಿಮೋಟ್ ಹಿಡಿದು ಮುಂದೆ ಬಂದು, ವಿಮಾನದ ಮೂಗಿಗೆ ಮುಖ ಕೊಟ್ಟು ನಿಂತ. ಅಲ್ಲಿಂದಲೇ ಕಡ್ಡಿಯನ್ನು ಬಲಕ್ಕೆ ತಳ್ಳಿ ನೋಡಿದ.

ಈಗ ನನ್ನನ್ನು ನೋಡಿ. ಬಲಗೈ ಎತ್ತಿದ್ದೇನೆ. ನೀವು ಕೂತಲ್ಲಿಂದ ಇದು ಯಾವ ಕಡೆ ಕಾಣುತ್ತಿದೆ? ಎಡಕ್ಕೆ. ನನ್ನ ಕೈ ಬದಲಾಯಿತೆ? ಇಲ್ಲ. ನೀವು ಎದುರಿಗೆ ಕೂತಿದ್ದೀರಿ, ಅಷ್ಟೇ. ಶ್ರೀಮಂತನಿಗೂ ಹಾಗೇ ಆಯಿತು. ಬಲಕ್ಕೆ ತಳ್ಳಿದ, ತನ್ನ ಎಡಗಡೆಯ ಪಟ್ಟಿ ಎದ್ದಿತು.

"ಏನೋ ಇದು, ಮೇಷ್ಟ್ರು ಉಲ್ಟಾ ಕಟ್ಟವ್ರಲ್ಲೋ" ಎಂದ. ರಿಮೋಟಿನಲ್ಲಿ ದಿಕ್ಕು ತಿರುಗಿಸುವ ಒಂದು ಗುಂಡಿ ಇರುತ್ತದೆ. ಒತ್ತಿದ. ಮತ್ತೆ ತಳ್ಳಿ ನೋಡಿದ. ಈಗ ತನ್ನ ಬಲಗಡೆಯದೇ ಎದ್ದಿತು. ಸಮಾಧಾನವಾಯಿತು. ಸರಿಯಿದ್ದದ್ದನ್ನು ತಿದ್ದಿ ತಪ್ಪು ಮಾಡಿದ, ಮಾಡಿ ಸಮಾಧಾನಪಟ್ಟ.

ಹಿಂದೆ ಬಾಲ ಹಿಡಿದು ಕೂತಿದ್ದ ಭಾವಮೈದನಿಗೆ ಎಲ್ಲ ಕಾಣುತ್ತಿತ್ತು. ಭಾವ ಒತ್ತಿದ್ದು ಕಾಣಿಸಿತು. ಪಟ್ಟಿ ಉಲ್ಟಾ ಎದ್ದದ್ದು ಕಾಣಿಸಿತು. ಬಾಯಿ ತೆರೆದ. ಅಷ್ಟರಲ್ಲಿ ಎಂಜಿನ್ ಶುರುವಾಯಿತು. "ಬಿಡೋ" ಎಂದ ಶ್ರೀಮಂತ, ಪಕ್ಕಕ್ಕೆ ಸರಿದು.

ಬಿಟ್ಟ.

ವಿಮಾನ ಓಡಿತು, ಎದ್ದಿತು. ಇಂಥ ವಿಮಾನ ಏಳುವಾಗ ಫ್ಯಾನಿನ ಸೆಳೆತಕ್ಕೆ ಕೊಂಚ ಎಡಕ್ಕೆ ವಾಲುತ್ತದೆ. ಶ್ರೀಮಂತ ಬಲಕ್ಕೆ ತಳ್ಳಿದ. ವಿಮಾನ ಇನ್ನೂ ಎಡಕ್ಕೆ ವಾಲಿತು. ಗಾಬರಿಯಾಗಿ ಪೂರ್ತಿ ಬಲಕ್ಕೆ ತಳ್ಳಿದ. ವಿಮಾನ ಪೂರ್ತಿ ಮಗುಚಿತು. ಪಟ್ಟೆಯ ಎಡಗಡೆ ನೆಲಕ್ಕೆ ಹೊಡೆದು ಹೊತ್ತಿಕೊಂಡಿತು. ಮಳೆಗಾಲದ ಕೆಲಸ ಒಂದು ಬೀಡಿ ಸುಡುವಷ್ಟರಲ್ಲಿ ಸುಟ್ಟುಹೋಯಿತು.

ಮೇಷ್ಟ್ರು ಎಮ್ಮೆಗಳನ್ನು ಬಿಟ್ಟು ಓಡಿ ಬಂದರು. ಬೆಂಕಿ ನೋಡಲಿಲ್ಲ, ರಿಮೋಟ್ ನೋಡಿದರು.

"ಸಾಹುಕಾರ್ರೇ, ಇದನ್ನ ಯಾರು ಮುಟ್ಟಿದ್ದು?"

"ಯಾರು ಮುಟ್ತಾರೆ? ನೀವು ಕೊಟ್ಟಂಗೇ ಐತೆ. ಉಲ್ಟಾ ಕಟ್ಟಿ ಕೊಟ್ಟಿದೀರ."

ಮೇಷ್ಟ್ರು ಭಾವಮೈದನ ಕಡೆ ತಿರುಗಿದರು. "ಬಾಲ ಹಿಡ್ದಿದ್ದೋನು ನೀನು. ನಿಂಗೇನು ಕಾಣಿಸ್ತು, ಹೇಳಪ್ಪ."

ಭಾವಮೈದ ಭಾವನ ಮುಖ ನೋಡಿದ. "ಭಾವ ಏನೂ ಮುಟ್ಲಿಲ್ಲ ಮೇಷ್ಟ್ರೇ" ಎಂದ.

ಡಾಕ್ಟರು ಮೋಡ ನೋಡಿದರು. ವಕೀಲರು ಕನ್ನಡಕ ಒರೆಸಿದರು. ಅವರಲ್ಲೂ ಕೆಲವರು ಶ್ರೀಮಂತ ಗುಂಡಿ ಒತ್ತಿದ್ದನ್ನು ಕಂಡಿದ್ದರು. ಅವರೂ ಸೇರಿ, ಇನ್ನು ಮೇಲೆ ಗೇಟಿನೊಳಗೆ ಕಾಲಿಡಬೇಡಿ ಎಂದು ಮೇಷ್ಟ್ರಿಗೆ ಹೇಳಿದರು. ಮೇಷ್ಟ್ರು ಸುಟ್ಟ ಬೂದಿಯೊಳಗಿಂದ ಆ ಗೊಂಬೆಯ ತಲೆ ಎತ್ತಿ ಶ್ರೀಮಂತನ ಕೈಗೆ ಕೊಟ್ಟರು. "ಇದನ್ನಾದ್ರೂ ಕೇಳಿ, ಒಳಗೇ ಕೂತಿತ್ತು. ನಿಮ್ಮ ಮುಖ ಐತೆ ಅಂತ ಸುಳ್ಳು ಹೇಳಿದ್ರೂ ಹೇಳ್ಬೋದು" ಎಂದು ಹೊರಟರು.

ನಕ್ಕಿರಿ. ನಗಿ. ಆದರೆ ಆಮೇಲೆ ಆದದ್ದು ನಗುವಂಥದ್ದಲ್ಲ. ಶಾಲೆಯಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆಯಲು ಮೇಷ್ಟ್ರು ತಿರುಗಿದರೆ ಹಿಂದಿನಿಂದ ಒಂದು ದನಿ: "ಉಲ್ಟಾ". ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಚಹಾದಂಗಡಿಯಲ್ಲಿ ಅವರಿಗೆ ಹೆಸರೇ ಉಳಿಯಲಿಲ್ಲ. ಉಲ್ಟಾ ಮೇಷ್ಟ್ರು. ಒಂದು ಗೆರೆಯನ್ನೂ ಸೊಟ್ಟ ಎಳೆಯದ ಮನುಷ್ಯನಿಗೆ ಊರು ಕೊಟ್ಟ ಹೆಸರು ಇದು. ವಿಮಾನ ಹೋದರೆ ಇನ್ನೊಂದು ಕಟ್ಟಬಹುದು. ಹೆಸರನ್ನು ಯಾವ ಬಾಲ್ಸಾ ಮರದಲ್ಲಿ ಕಟ್ಟುತ್ತೀರಿ? ಅದನ್ನು ವಾಪಸ್ ಕೊಡಬಲ್ಲವನು ಊರಲ್ಲಿ ಒಬ್ಬನೇ ಇದ್ದ. ಅವನು ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದ.

ಅಕ್ಕ ಕೇಳಿದಳು. "ನಿಜ ಹೇಳು. ಯಾರು ಮುಟ್ಟಿದ್ದು?"

"ಅಕ್ಕ, ಸಾರು ಹಾಕು."

"ಹಾಕ್ತೀನಿ. ಬಾಯಿ ಇರೋದು ಸಾರಿಗೆ ಮಾತ್ರಾನಾ?"

ಅವಳು ಸಾರು ಹಾಕಿದಳು. ಆ ಮಾತು ಮಾತ್ರ ಅನ್ನದೊಳಗಿನ ಕಲ್ಲಿನ ಹಾಗೆ ಅವನ ಹಲ್ಲಿಗೆ ಸಿಕ್ಕಿಕೊಂಡಿತು.

ಶ್ರೀಮಂತ ಮೈದಾನಕ್ಕೆ ಹೊಸ ಕಟ್ಟಳೆ ತಂದ. ಇನ್ನು ಮೇಲೆ ಎಲ್ಲರೂ ವಿಮಾನದ ಮುಂದೆ ನಿಂತೇ ರೆಕ್ಕೆ ನೋಡಬೇಕು. ಬಾಲ ಹಿಡಿದವನು ಬಾಯಿ ಮುಚ್ಚಿಕೊಂಡಿರಬೇಕು. ಓದಿದವರು, ತಿಳಿದವರು ಏನು ಮಾಡಿದರು? ವಿರೋಧಿಸಿದರೆ? ಕೇಳಿ. ಮನೆಯಲ್ಲಿ ಬಾಗಿಲು ಹಾಕಿಕೊಂಡು, ವಿಮಾನದ ಹಿಂದೆ ನಿಂತು, ಎಲ್ಲ ಸರಿಯಾಗಿ ನೋಡಿಕೊಂಡು ಬರುತ್ತಿದ್ದರು. ಮೈದಾನದಲ್ಲಿ ಎಲ್ಲರೆದುರು ಮುಂದೆ ನಿಂತು, ಉಲ್ಟಾ ಕಂಡದ್ದನ್ನೇ ನೋಡಿ, "ಸರಿ ಐತೆ, ಸಾಹುಕಾರ್ರು ಹೇಳಿದ್ದೇ ಸರಿ" ಎನ್ನುತ್ತಿದ್ದರು. ಅವರ ವಿಮಾನಗಳು ಚೆನ್ನಾಗಿ ಹಾರಿದವು. ಮನೆಯಲ್ಲಿ ಸತ್ಯ, ಮೈದಾನದಲ್ಲಿ ಹೂಂ.

ಆ ಹೂಂ ಒಂದು ಕೆಲಸ ಮಾಡಿತು. ಶ್ರೀಮಂತ ಮೊದಲ ದಿನ ನಾಚಿಕೆಗೆ ಸುಳ್ಳು ಹೇಳಿದ್ದ. ಎಲ್ಲರೂ ಹೂಂ ಅಂದರು. ದಿನವೂ ಅಂದರು. ಅನ್ನುತ್ತಾ ಅನ್ನುತ್ತಾ ಅವನಿಗೇ ನಂಬಿಕೆ ಬಂತು. ಮುಂದೆ ನಿಂತು ನೋಡುವುದೇ ಸರಿ, ಮೇಷ್ಟ್ರ ಕೆಲಸವೇ ಕೆಟ್ಟದ್ದು. ಅವನನ್ನು ಹಾಳು ಮಾಡಿದ್ದು ಅವನ ಸುಳ್ಳು ಎಂದುಕೊಂಡಿರೇನು? ನಿಮ್ಮ ಹೂಂ.

ಸ್ವಾತಂತ್ರ್ಯ ದಿನಾಚರಣೆ ಬಂತು. ಶ್ರೀಮಂತ ದೂರದ ನಗರದಿಂದ ಮೊದಲಿನದಕ್ಕಿಂತ ದೊಡ್ಡ ಯುದ್ಧವಿಮಾನವೊಂದನ್ನು ತರಿಸಿದ. ಕಟ್ಟಿದವರು ಸರಿಯಾಗಿಯೇ ಕಟ್ಟಿ ಕೊಟ್ಟಿದ್ದರು. ಪಟ್ಟೆಯ ಎಡಗಡೆ ಶಾಮಿಯಾನ. ಅದರ ಕೆಳಗೆ ಶಾಲೆಯ ಮಕ್ಕಳು, ಊರ ಹೆಂಗಸರು, ಮುಂದಿನ ಸಾಲಿನ ಕುರ್ಚಿಯಲ್ಲಿ ಅಕ್ಕ. ಮೊದಲ ವಿಮಾನ ಹೊತ್ತಿ ಉರಿದ ಜಾಗ ಅದೇ. ಮಸಿಯ ಮೇಲೆ ಜಮಖಾನ ಹಾಸಿದ್ದರು. ಮಕ್ಕಳ ಜೊತೆ ಬಂದ ಮೇಷ್ಟ್ರು ಗೇಟಿನ ಹೊರಗೆ ನಿಂತಿದ್ದರು.

ಎಂಜಿನ್ ಶುರುವಾಯಿತು. ಭಾವಮೈದ ಮಂಡಿಯೂರಿ ಬಾಲ ಹಿಡಿದ. ಶ್ರೀಮಂತ ತನ್ನದೇ ಕಟ್ಟಳೆಯಂತೆ ವಿಮಾನಕ್ಕೆ ಎದುರಾಗಿ ದೂರದಲ್ಲಿ ನಿಂತು ಕಡ್ಡಿ ತಳ್ಳಿದ. ಮುಖ ಗಂಟಿಕ್ಕಿದ. "ಇವ್ರೂ ಉಲ್ಟಾ ಕಟ್ಟವ್ರೆ" ಎಂದ. ಗುಂಡಿ ಒತ್ತಿದ. ಡಾಕ್ಟರಿಗೆ ಗೊತ್ತಾಯಿತು. ವಕೀಲರಿಗೆ ಗೊತ್ತಾಯಿತು. "ಸರಿ ಐತೆ ಸಾಹುಕಾರ್ರೇ" ಎಂದರು. ಭಾವಮೈದನ ಕಣ್ಣೆದುರು ಪಟ್ಟಿ ಉಲ್ಟಾ ಎದ್ದಿತು.

ಶ್ರೀಮಂತ ಪಕ್ಕಕ್ಕೆ ಸರಿದು "ಬಿಡೋ" ಎಂದ.

ಕಥೆ ಇಲ್ಲಿ ನಿಲ್ಲಲಿ. ಎಂಜಿನ್ ಕೂಗುತ್ತಿರಲಿ. ಆ ಮನುಷ್ಯ ಬಾಲ ಹಿಡಿದುಕೊಂಡೇ ಇರಲಿ. ಅಷ್ಟು ಹೊತ್ತು ನಿಮ್ಮ ಕೈ ನೋಡೋಣ. ಏನು ಹಿಡಿದಿದ್ದೀರಿ?

ನಾವು ಹಾರಿಸುವವರಲ್ಲ, ನಮಗೇನು ಎನ್ನಬೇಡಿ. ಲೋಕದಲ್ಲಿ ರಿಮೋಟ್ ಹಿಡಿದವರು ಕೆಲವರು, ಬಾಲ ಹಿಡಿದವರು ನಾವೆಲ್ಲ. ಚರಂಡಿಯ ಗುಂಡಿಗೆ ಒಬ್ಬನನ್ನು ಇಳಿಸುತ್ತಾರೆ. ಇಳಿಸು ಎಂದವರು ಜೀಪಿನಲ್ಲಿ ಕೂತಿರುತ್ತಾರೆ. ಅವನ ಸೊಂಟದ ಹಗ್ಗ ಯಾರ ಕೈಯಲ್ಲಿರುತ್ತದೆ? ಒಳಗಿರುವುದು ವಿಷಗಾಳಿ ಎಂದು ಹಗ್ಗ ಹಿಡಿದವನ ಮೂಗಿಗೆ ಬಡಿದು ಗೊತ್ತಾಗಿರುತ್ತದೆ. ಆದರೂ ಹಗ್ಗ ಬಿಡುತ್ತಾನೆ, ಒಂದೊಂದೇ ಮೊಳ. ದೂರ ಯಾಕೆ ಹೋಗಬೇಕು? ಇದೇ ಮಂಟಪದ ಹಿಂದೆ ದಾಸೋಹ ನಡೆಯುತ್ತಿದೆ. ಪಂಕ್ತಿಯಲ್ಲಿ ಕೂತ ಒಬ್ಬರನ್ನು "ನೀವು ಆಮೇಲೆ ಕೂರಿ" ಎಂದು ಎಬ್ಬಿಸಿದ್ದನ್ನು ನಾನು ಇಲ್ಲಿಗೆ ಬರುವಾಗ ನೋಡಿ, ಅವರನ್ನು ಮತ್ತೆ ಕೂರಿಸಿ ಬಂದಿದ್ದೇನೆ. ಎಬ್ಬಿಸಿದವರು ದೊಡ್ಡವರು. ಸರಿ. ಸಾರಿನ ಬಕೆಟ್ ಹಿಡಿದವನು ಎಬ್ಬಿಸಿಕೊಂಡವರ ಎಲೆ ದಾಟಿ ಮುಂದೆ ಹೋದನಲ್ಲ, ಅವನು ಯಾರು? ಇಲ್ಲೇ ಕೂತಿದ್ದಾನೆ. ತಲೆ ತಗ್ಗಿಸಬೇಡಪ್ಪ. ಇಲ್ಲಿಂದ ಎದ್ದು ಹೋಗಿ ಮತ್ತೆ ಬಕೆಟ್ ಹಿಡಿ. ಮುಂದಿನ ಪಂಕ್ತಿಗೆ ನಿನ್ನ ಕೈ ಬೇಕು.

ನಾಳೆ ಬೆಳಿಗ್ಗೆಯಿಂದ ಇಷ್ಟು ಮಾಡಿ. ಯಾರನ್ನಾದರೂ ಉಲ್ಟಾ ಎನ್ನುವ ಮುಂಚೆ ಸುತ್ತಿಕೊಂಡು ಹೋಗಿ ಅವರ ಬೆನ್ನ ಹಿಂದೆ ನಿಲ್ಲಿ. ಅವರು ನೋಡುತ್ತಿರುವ ಕಡೆಗೇ ನೋಡಿ. ಸೊಸೆ ಎದುರು ನಿಂತಾಗ ಉಲ್ಟಾ ಕಾಣುತ್ತಾಳೆ, ಕೂಲಿಯವನು ಎದುರು ನಿಂತಾಗ ಉಲ್ಟಾ ಕಾಣುತ್ತಾನೆ. ವಿಮಾನದ ಒಳಗೆ ಕೂತವನ ಬಲವೇ ಬಲ, ಯಾಕೆಂದರೆ ಬಿದ್ದರೆ ಅದರ ಜೊತೆ ಬೀಳುವವನು ಅವನು. ನಿಮ್ಮ ಮಾತಿನಿಂದ ಯಾರು ಬೀಳುತ್ತಾರೋ ಅವರ ಜಾಗದಿಂದ ನೋಡಿ.

ಕಂಡದ್ದನ್ನು ಕಂಡ ಜಾಗದಲ್ಲೇ ಹೇಳಿ. ಮನೆಗೆ ಬಂದು ಹೆಂಡತಿಗೆ ಹೇಳಿದ ಸತ್ಯ ಲೆಕ್ಕಕ್ಕಿಲ್ಲ. ನೀವು ಹೂಂ ಎಂದು ಹೆಸರು ಕೆಡಿಸಿದ ಒಬ್ಬ ಮೇಷ್ಟ್ರು ನಿಮ್ಮ ಊರಲ್ಲೂ ಇದ್ದಾರೆ. ಈಗ ಅವರ ಮುಖ ನಿಮ್ಮ ಕಣ್ಣ ಮುಂದೆ ಬಂತು, ನನಗೆ ಗೊತ್ತು. ಅವರ ಮನೆಗೆ ಹೋಗಿ. ಹಗಲಲ್ಲಿ ಹೋಗಿ, ಬೀದಿಯವರು ನೋಡುವ ಹಾಗೆ. ಮತ್ತೆ, ಕೈಯಲ್ಲಿ ಹಿಡಿದದ್ದು ಒಂದು ಜೀವದ ಮೇಲೆ ಬೀಳುತ್ತದೆ ಎಂದು ಕಂಡರೆ, ಬಿಡು ಎಂದವರು ಯಾರೇ ಆಗಲಿ, ಬಿಡಬೇಡಿ. ಇದಕ್ಕೆ ಓದು ಬೇಡ, ಧೈರ್ಯದ ಭಾಷಣ ಬೇಡ. ಬೆರಳು ಬಿಗಿ ಹಿಡಿದರೆ ಸಾಕು.

ಆಗುತ್ತದೆಯೆ ಎಂದು ಕೇಳುತ್ತೀರಿ. ಆಗುತ್ತದೆ. ಬನ್ನಿ, ಮೈದಾನಕ್ಕೆ.

"ಬಿಡೋ ಅಂದೆ."

"ಉಲ್ಟಾ" ಎಂದು ಕೂಗಿದ ಭಾವಮೈದ.

ಎಷ್ಟೋ ಕಾಲದಿಂದ ಆ ಮೈದಾನದಲ್ಲಿ ಯಾರೂ ಕೂಗದ ಮಾತು. ಗೇಟಿನ ಹೊರಗಿದ್ದ ಮೇಷ್ಟ್ರು ತಲೆ ಎತ್ತಿದರು.

"ಏನಂದೆ?"

"ಉಲ್ಟಾ ಐತೆ ಭಾವ. ಹೋದ ಸಲಾನೂ ಹಿಂಗೇ ಇತ್ತು. ಮೇಷ್ಟ್ರು ಮಾಡಿದ್ದಲ್ಲ. ನೀವು ಒತ್ತಿದ್ರಿ, ನಾನು ನೋಡಿದ್ದೆ. ನೋಡಿಯೂ ಬಿಟ್ಟೆ."

ಶಾಮಿಯಾನದ ತುದಿಯವರೆಗೂ ಕೇಳಿಸಿತು. ಶ್ರೀಮಂತನ ಮುಖ ಕೆಂಪಾಯಿತು. "ಅನ್ನ ಹಾಕಿದೋರು ಯಾರು ಅಂತ ಮರ್ತೆಯೇನೋ?"

"ಅನ್ನ ಹಾಕಿದ್ದು ಅಕ್ಕ. ಅಗೋ ಅಲ್ಲಿ ಕೂತವ್ಳೆ ನೋಡಿ. ನೀವು ಬಿಡು ಅಂತಿರೋದು ಅವಳ ಮೇಲಕ್ಕೇ."

ಶ್ರೀಮಂತ ಎಂಜಿನ್ನಿನ ವೇಗ ಏರಿಸಿದ. ವಿಮಾನ ಎಳೆಯಿತು. ಭಾವಮೈದನ ಮಂಡಿ ಗಟ್ಟಿ ನೆಲದ ಮೇಲೆ ಒಂದು ಮಾರು ಜಾರಿತು, ಚರ್ಮ ಕಿತ್ತಿತು. ಬೆರಳು ಸಡಿಲಲಿಲ್ಲ.

"ಕೊನೇ ಸಲ ಹೇಳ್ತಿದೀನಿ. ಬಿಡು."

"ಹಿಂದಕ್ಕೆ ಬನ್ನಿ ಭಾವ. ಇಲ್ಲಿ ನನ್ನ ಪಕ್ಕ ನಿಂತ್ಕೊಂಡು ತಳ್ಳಿ. ನಾನು 'ಬಲ' ಅನ್ನೋ ತನಕ ಬಿಡಲ್ಲ."